ಮೊದಲ ಎರಡು ಹಣ್ಣು

ರಟ್ಟು ಕಿತ್ತುಹೋದ ಪುಸ್ತಕ. ಹೆಸರಿಲ್ಲ.
ಇಟಲಿ ದೇಶದ ಅಜ್ಜಿಕತೆ ಎಂದು
ಶಿಡ್ಲಘಟ್ಟದ ಲೈಬ್ರರಿಯವರು ನೀಲಿ ಶಾಯಿಯಲ್ಲಿ
ಮೊದಲ ಹಾಳೆಗೆ ಗೀಚಿದ್ದಾರೆ.
ಹದಿನೈದು ದಿನಕ್ಕೆಂದು ತಂದದ್ದು. ಇದು ಎರಡನೇ ತಿಂಗಳು.

ಗೂಡು ಬೇಯುವ ತನಕ ಓದುತ್ತೇನೆ, ಜೋರಾಗಿ,
ಯಂತ್ರದ ಸದ್ದಿಗಿಂತ ಒಂದು ಎಳೆ ಮೇಲೆ.
ಪಕ್ಕದ ಬೇಸಿನ್ನಿನಲ್ಲಿ ಮುನಿಚೌಡಮ್ಮ
ಹೂಂಗುಟ್ಟುತ್ತಾಳೆ. ಹೂಂ ನಿಂತರೆ ಗೊತ್ತು:
ಎಳೆ ಕಡಿದಿದೆ, ಇಲ್ಲಾ ಕತೆ ಹಿಡಿಸಿಲ್ಲ.

ಅಲ್ಲಿನ ದೊರೆಗಳು ನಮ್ಮ ದೊರೆಗಳ ಹಾಗಲ್ಲ.
ಕಿಟಕಿ ತೆರೆದರೆ ಎದುರು ಮನೆಯಲ್ಲಿ ಇನ್ನೊಬ್ಬ ದೊರೆ,
ಒಲೆಗೆ ಕೆಂಡ ಕೇಳಿಕೊಂಡು ಬರುವಷ್ಟು ಹತ್ತಿರ.
'ನಮ್ಮ ರೀಲರುಗಳು ಇದ್ದಂಗೆ' ಎಂದಳು ಮುನಿಚೌಡಮ್ಮ,
'ನಾಲ್ಕು ಬೇಸಿನ್ ಇದ್ದೋನೂ ಮಾಲೀಕ,
ನಲವತ್ತು ಇದ್ದೋನೂ ಮಾಲೀಕ.'
ಬಾಗಿಲಲ್ಲಿ ನಿಂತಿದ್ದ ಅಕ್ಮಲ್ ಸಾಬರೂ ನಕ್ಕರು.
ಅವರದು ಆರು.

ಗಂಡನ ಪೊರೆ ಸುಟ್ಟ ತಪ್ಪಿಗೆ ಒಬ್ಬಳು
ಏಳು ಜೊತೆ ಕಬ್ಬಿಣದ ಚಪ್ಪಲಿ ಸವೆಸಬೇಕು,
ಏಳು ಸೀಸೆ ಕಣ್ಣೀರು ತುಂಬಬೇಕು.
ಆರನೆಯ ಸೀಸೆಗೆ ನನಗೆ ಸಿಟ್ಟು ಬಂದು ಪುಟ ಮಡಿಸಿದೆ.
ಅತ್ತದ್ದನ್ನು ಅಳೆಯುವವರು ಯಾರು?
ಮಾರುಕಟ್ಟೆಯಲ್ಲಿ ಲಾಟು ತೂಗುವವನು ಕೂಡ
ಜಾಲರಿಯ ತೂಕ ಕಳೆದು ಬರೆಯುತ್ತಾನೆ.

ಆಮೇಲೆ ಹಣ್ಣಿನ ಕತೆ.
ಅರಸುಮಗನಿಗೆ ಮೂರು ಹಣ್ಣು ಸಿಗುತ್ತವೆ. ಮೊದಲನೆಯದನ್ನು
ಸೀಳಿದ್ದೇ ತಡ, ಒಳಗಿಂದ ಒಂದು ಹುಡುಗಿ ಎದ್ದು
ನೀರು ಎನ್ನುತ್ತಾಳೆ. ಅವನ ಬಳಿ ನೀರಿಲ್ಲ. ಸಾಯುತ್ತಾಳೆ.
ಎರಡನೆಯದನ್ನೂ ಸೀಳುತ್ತಾನೆ.
ನೀರು. ಇಲ್ಲ. ಸಾಯುತ್ತಾಳೆ.
ಮೂರನೆಯದನ್ನು ಬಾವಿಕಟ್ಟೆಗೆ ತಂದು ಕೊಯ್ಯುತ್ತಾನೆ, ಜಾಣ.
ಅಲ್ಲಿಂದ ಮುಂದೆ ಹನ್ನೊಂದು ಪುಟ
ಮೂರನೆಯವಳದೇ: ಅವಳ ಕೂದಲು, ಅವಳ ಮದುವೆ,
ಅವಳಿಗೆ ಮೋಸ ಮಾಡಿದವಳು, ಪಾರಿವಾಳ, ಮತ್ತೆ ಮದುವೆ.
ಮೊದಲಿನಿಬ್ಬರಿಗೆ ಒಂದೂವರೆ ಸಾಲು.
ಬೆರಳಿಟ್ಟು ಅಳೆದೆ.

ಬೋರ್‌ವೆಲ್ ಸಾವಿರದ ನಾನೂರು ಅಡಿಗೆ ಇಳಿದ ಸೀಮೆ ನಮ್ಮದು.
ನೀರು ನೀರು ಅಂದರೆ ನಮಗೆ ಸೋಜಿಗವಿಲ್ಲ.
ಸೋಜಿಗವೆಂದರೆ, ಮೊದಲನೆಯವಳು ಸತ್ತ ಮೇಲೂ
ಅವನು ಚೊಂಬು ಹುಡುಕದೆ ಚಾಕು ಹುಡುಕಿದ್ದು.

ಹೂಂ ನಿಂತಿತ್ತು. ಎಳೆ ಕಡಿದಿರಲಿಲ್ಲ.
ಮುನಿಚೌಡಮ್ಮನ ಬೆರಳು ಕುದಿನೀರಲ್ಲಿ
ಗೂಡಿನ ತುದಿ ಹುಡುಕುತ್ತಲೇ ಇತ್ತು,
ಇಪ್ಪತ್ತಾರು ವರ್ಷ ಬೆಂದು ಗೆರೆ ಅಳಿಸಿಹೋದ ಬೆರಳು;
ರೇಷನ್ ಅಂಗಡಿಯ ಯಂತ್ರಕ್ಕೆ
ಅವಳು ಯಾರೆಂದೇ ತಿಳಿಯುವುದಿಲ್ಲ.

ನಾಲ್ಕು ಜ್ವರ ದಾಟಿ, ಚಂದ್ರಿಕೆ ಹತ್ತಿ,
ತನ್ನ ಸುತ್ತ ತಾನೇ ಮನೆ ಕಟ್ಟಿಕೊಂಡ ಹುಳು
ನಮ್ಮ ಕೈಯಲ್ಲಿ ಯಾರೂ ಆಗಿ ಎದ್ದು ಬರುವುದಿಲ್ಲ.
ಕೆ.ಜಿ.ಗೆ ಆರುನೂರು ಗೂಡು. ಲೆಕ್ಕ ಇಡಬಾರದು,
ಇಟ್ಟರೆ ರಾತ್ರಿ ಅನ್ನ ಇಳಿಯಲ್ಲ ಎಂದು
ಕೆಲಸಕ್ಕೆ ಸೇರಿದ ವಾರವೇ ಅವಳು ಹೇಳಿಕೊಟ್ಟಿದ್ದಳು.

'ಆ ಇಬ್ರಿಗೆ ಹೆಸ್ರು ಇಟ್ಟಿದ್ರಾ?'
ಇಲ್ಲಮ್ಮ. ಮೂರನೆಯವಳಿಗೂ ಇಲ್ಲ.
'ಬರ್ಕೊ' ಎಂದು ಎರಡು ಹೆಸರು ಹೇಳಿದಳು,
ತಡವರಿಸದೆ,
ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸಿಕೊಟ್ಟ ಹಾಗೆ.
ಯಾರ ಹೆಸರೆಂದು ನಾನು ಕೇಳಲಿಲ್ಲ.
ಲೈಬ್ರರಿ ಪುಸ್ತಕದಲ್ಲಿ ಬರೆಯಬಾರದು, ಗೊತ್ತು.
ಒಂದೂವರೆ ಸಾಲಿನ ಪಕ್ಕ, ಪೆನ್ಸಿಲಿನಲ್ಲಿ, ಬರೆದೆ.

ಕೊನೆಯ ಸಾಲು ಓದುವ ಮೊದಲೇ ನನಗೆ ಬರುತ್ತಿತ್ತು:
ಅವರು ಅಲ್ಲಿ ಸುಖವಾಗಿದ್ದಾರೆ, ನಮಗೆ ಇಲ್ಲಿ ಏನೂ ಸಿಗಲಿಲ್ಲ.
ಗೌರಿಬಿದನೂರಿನ ನಮ್ಮಜ್ಜಿಯೂ ಹೆಚ್ಚುಕಡಿಮೆ ಹೀಗೇ ಮುಗಿಸುತ್ತಿದ್ದಳು,
ದೊಡ್ಡಬಳ್ಳಾಪುರ ದಾಟಿ ಬಸ್ಸಿನಲ್ಲಿ ಕೂತವಳಲ್ಲ.

ಹೂಂ, ಎಂದಳು ಮುನಿಚೌಡಮ್ಮ, ತಡವಾಗಿ.
'ಮುಂದಿಂದು ಓದು. ಇನ್ನೂ ಅರ್ಧ ಬೇಸಿನ್ ಐತೆ.'